ಬುವಾಸಿಯ ಬಾಳೆಲೆ ಪೊಟ್ಟಣ

ಮೆಕಾಂಗ್ ದಂಡೆಯ ಆ ಊರಿನಲ್ಲಿ ಬುವಾಸಿ ಅಗಿದ ಅನ್ನ ತಿನ್ನದೆ ಬೆಳೆದ ಮಕ್ಕಳೇ ಕಡಿಮೆ. ಅಂಟಕ್ಕಿಯ ಅನ್ನವನ್ನು ನುಣ್ಣಗೆ ಅಗಿದು, ಬಾಳೆಲೆಯಲ್ಲಿ ಸುತ್ತಿ, ಕೆಂಡದಲ್ಲಿ ಸುಟ್ಟು, ಬಾಣಂತನ ಮುಗಿಯುವ ಮೊದಲೇ ಕೂಸಿನ ಬಾಯಿಗಿಡುವುದು ಅವಳ ಕಾಲದ ರೂಢಿ. ತಾನು ಹೆತ್ತವರನ್ನೆಲ್ಲ ಹಾಗೇ ಸಾಕಿದವಳು. ಅವಳ ಹಲ್ಲು ಈಗಲೂ ಗಟ್ಟಿ. ಮಗಳು ಲತ್ಸಮಿಗೆ ಆ ಹಲ್ಲಿನ ಮೇಲೇ ಗುಮಾನಿ.

ಲತ್ಸಮಿಯ ಮೊದಲ ಗಂಡುಮಗು ಮೂರು ತಿಂಗಳಿಗೇ ಹೊಟ್ಟೆ ಉಬ್ಬಿ ತೀರಿಹೋಗಿತ್ತು. "ಆರು ತಿಂಗಳು ತುಂಬೋವರೆಗೆ ಎದೆಹಾಲು ಬಿಟ್ಟು ಒಂದಗುಳೂ ಕೂಡದು" ಎಂದು ದಾದಿ ಹೇಳಿದ್ದು ಆಮೇಲೆ. ಎರಡನೆಯವನು ಹುಟ್ಟಿದಾಗ "ಅವನಿಗೂ ಕೊಟ್ಟಿಲ್ಲ, ಇವನಿಗೂ ಕೊಡಲ್ಲ" ಎಂದು ಬುವಾಸಿ ಬುದ್ಧನ ಮುಂದೆ ಆಣೆಯಿಟ್ಟಿದ್ದಳು. ಲತ್ಸಮಿ ನಂಬಲಿಲ್ಲ. ಕೂಸನ್ನು ತಾಯಿಗೂ ಮುದಿ ಅಜ್ಜಿಗೂ ಒಪ್ಪಿಸಿ ತೋಟಕ್ಕೆ ಹೋಗಿ ಬಂದವಳೇ ಅದರ ಬಾಯಿ ಮೂಸುತ್ತಿದ್ದಳು, ಹೊಟ್ಟೆ ಒತ್ತಿ ನೋಡುತ್ತಿದ್ದಳು. ಈಚೆಗೆ ಹೊಟ್ಟೆ ಬಿಗಿಯಾಗಿತ್ತು.

ಅವತ್ತು ಒಲೆಯ ಬೂದಿಯಲ್ಲಿ ಸುಟ್ಟ ಬಾಳೆಲೆ ಸಿಕ್ಕಿತು.

"ಇದೇನಮ್ಮಾ?"

"ಎಲೆ ಕಣೇ. ಕಣ್ಣು ಕಾಣಲ್ವಾ?" ಎಂದ ಬುವಾಸಿ ತುಟಿ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಒಬ್ಬನ್ನ ನುಂಗಿದ್ದು ಸಾಲ್ದಾ ನಿಂಗೆ?"

ಬುವಾಸಿಯ ಮುಖ ಬಿಳಿಚಿತು. "ನಿನ್ನಜ್ಜಿಗೆ ಕಣೇ ಅದು" ಎಂದಳು. "ಹಲ್ಲು ಹೋಗಿ ಮೂರು ವರ್ಷ ಆಯ್ತು. ಗಂಜಿ ಕೊಟ್ರೆ ಮೂತಿ ತಿರುಗಿಸ್ತಾಳೆ. ಅಗಿದು ಕೊಡ್ತೀನಿ. ಅಳಿಯನ ಕಿವಿಗೆ ಬಿದ್ರೆ ಮಾನ ಹೋಗತ್ತೆ, ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಕಟ್ಟಿದಾಳೆ."

ಲತ್ಸಮಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಹೆತ್ತ ತಾಯಿಯನ್ನು ಕೊಲೆಗಾತಿಯಂತೆ ಕಂಡೆನಲ್ಲ ಅನ್ನಿಸಿತು. ತಪ್ಪಾಯಿತು ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಒಳಕೋಣೆಯಿಂದ ಅಜ್ಜಿಯ ನಗು ಕೇಳಿಸಿತು. ಇಬ್ಬರೂ ಇಣುಕಿದರು. ತೊಟ್ಟಿಲ ಪಕ್ಕ ಕುಳಿತ ಅಜ್ಜಿ ಪೊಟ್ಟಣ ಬಿಚ್ಚಿ, ಚಿಟಿಕೆ ಅನ್ನವನ್ನು ಕೂಸಿನ ಬಾಯಿಗೆ ಇಡುತ್ತಿದ್ದಳು.

"ಬಾರೇ ಲತ್ಸಮಿ, ನೋಡು" ಎಂದು ಕರೆದಳು, ಬೊಚ್ಚುಬಾಯಿ ಅಗಲಿಸಿ. "ಥೇಟ್ ಅವರಣ್ಣನ ಹಾಗೇ ಚೀಪ್ತಾನೆ. ಅವನೂ ಹೀಗೇ, ನನ್ನ ಪಾಲಲ್ಲಿ ಅರ್ಧ ತಿನ್ನೋನು."

ಲತ್ಸಮಿ ಓಡಿಹೋಗಿ ಬೆರಳು ಹಾಕಿ ಕೂಸಿನ ಬಾಯಿಂದ ಅನ್ನ ತೆಗೆದಳು. ತೊಂಬತ್ತು ದಾಟಿದ ಮುದುಕಿಯನ್ನು ಏನೆಂದು ಬೈಯುವುದು? ತಾನೇ ಅಗಿದು ಸುತ್ತಿದ್ದ ಆ ಪೊಟ್ಟಣವನ್ನು ಬುವಾಸಿ ಒಯ್ದು ಒಲೆಗೆ ಹಾಕಿದಳು.

ಮರುದಿನದಿಂದ ಲತ್ಸಮಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ತೋಟಕ್ಕೆ ಹೋದಳು. ಅಜ್ಜಿಯ ಅನ್ನವನ್ನು ಒರಳಲ್ಲಿ ಅರೆದು ತಾನೇ ತಿನ್ನಿಸಿದಳು. ಕೂಸಿನ ಹೊಟ್ಟೆ ಮೆತ್ತಗಾಯಿತು. ಬುವಾಸಿ ಮಾತ್ರ ಊಟಕ್ಕೆ ಕುಳಿತರೆ ತುತ್ತನ್ನು ಅಗಿಯದೆ ಹಾಗೇ ನುಂಗತೊಡಗಿದಳು.