ಒಂದು ಮೈಕು, ಮೂರು ಕೊರಳು

ಶಹಾಪುರದ ಒಂದು ಸ್ಟುಡಿಯೋ ಇಬ್ಬರು ಹೆಣ್ಣುಮಕ್ಕಳಿಗೆ ಇನ್ನೂ ಬಾಕಿ ಕೊಡಬೇಕು. ದುಡ್ಡು ಹಾಡಿದ ದಿನವೇ ಕೈಗೆ ಬಂತು. ಬಾಕಿ ಉಳಿದದ್ದು ಅವರ ಹೆಸರು.

ಮಲ್ಲೇಶ್ವರಿ ವಡಗೇರಾ ಕಡೆಯ ಹತ್ತಿ ಬಿಡಿಸುವ ಕೂಲಿಯಾಳು. ಕೆಲಸ ಕೊಡಿ ಎಂದು ನಾವು ಕೂಲಿಕಾರರೆಲ್ಲ ಧರಣಿ ಕೂತಾಗ, ಘೋಷಣೆ ಕೂಗಿ ಕೂಗಿ ಎಲ್ಲರ ಗಂಟಲು ಬಿದ್ದುಹೋದ ಹೊತ್ತಿಗೆ, ಅವಳು ಹಾಡು ಎತ್ತಿದಳು. ಕಾವಲಿಗೆ ನಿಂತ ಪೊಲೀಸರೂ ಲಾಠಿಯಿಂದ ತಾಳ ಹಾಕಿದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದರು.

ವಾರದೊಳಗೆ ಶಹಾಪುರದ ಖಾಜಾಹುಸೇನ ಫೋನು ಮಾಡಿದ. ಮದುವೆ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದು ಅವನ ಕಸುಬು. ಮುಖ್ಯ ಹಾಡುಗಾರ ಆಗಲೇ ಹಾಡಿ ಹೋಗಿದ್ದ. ಹಿಂದಿನಿಂದ ಕೂಡಿಸಲು ಮೂರು ಹೆಣ್ಣುದನಿ ಬೇಕು ಎಂದ. ಮಲ್ಲೇಶ್ವರಿ ತನ್ನ ಜೊತೆ ಹೊಲದಲ್ಲಿ ದುಡಿಯುವ ಚಮನಬೀ, ದೇವಕಮ್ಮ ಇಬ್ಬರನ್ನೂ ಬಸ್ಸು ಹತ್ತಿಸಿದಳು.

ಸ್ಟುಡಿಯೋ ಎಂದರೆ ಟೇಲರ್ ಅಂಗಡಿ ಮೇಲಿನ ಕೋಣೆ. ಸದ್ದು ಹೊರಗೆ ಹೋಗದಂತೆ ಗೋಡೆ ತುಂಬ ಕೌದಿ ಹೊಡೆದಿದ್ದ. ಮೂವರನ್ನು ಕಂಡು ಖಾಜಾಹುಸೇನ ತಲೆ ಕೆರೆದುಕೊಂಡ.

“ಒಬ್ರೇ ಸಾಕ್ರಿ ಅಕ್ಕಾ. ನೀವೇ ಮೂರು ಸಲ ಹಾಡ್ರಿ, ಒಂದರ ಮ್ಯಾಲ ಒಂದು ಕೂಡಸ್ತೀನಿ. ಕೇಳವ್ರಿಗೆ ಮೂರು ಮಂದಿ ಹಾಡಿದಂಗ ಆಗ್ತದ.”

“ಮತ್ತ ಇವ್ರು?”

“ಹೊರಗ ಕುಂತು ಚಾ ಕುಡೀಲಿ.”

ಚಮನಬೀ ಸುಮ್ಮನಿರುವವಳಲ್ಲ. “ನಮ್ಮೂರಾಗ ಚಾ ಇಲ್ಲೇನೋ ತಮ್ಮಾ? ಬಸ್ಸಿನಾಗ ನಿಂತು ಬಂದೀವಿ!”

ಇದು ಮಲ್ಲೇಶ್ವರಿಗೆ ಸಿಕ್ಕ ಮೊದಲ ಅವಕಾಶ. ತಕರಾರು ಮಾಡಿದರೆ ಕೈತಪ್ಪುತ್ತದೆ. ಒಪ್ಪಿದರೆ ನಾಳೆ ಹೊಲದಲ್ಲಿ ಈ ಇಬ್ಬರ ಪಕ್ಕದ ಸಾಲಿನಲ್ಲೇ ಹತ್ತಿ ಬಿಡಿಸಬೇಕು. ಅವಳು ಒಳಗೆ ಹೋದಳು.

ಮೊದಲ ಸಲ ತನ್ನ ದನಿಯಲ್ಲಿ ಹಾಡಿದಳು. ಎರಡನೆಯ ಸಲ ಚಮನಬೀಯ ಹಾಗೆ ಮೂಗಿನಲ್ಲಿ ಎಳೆದಳು. ಮೂರನೆಯ ಸಲ ದೇವಕಮ್ಮನ ಹಾಗೆ ಸಣ್ಣಗೆ ಕೆಮ್ಮಿ ಸುರು ಮಾಡಿದಳು. ಖಾಜಾಹುಸೇನನಿಗೆ ಹಿಗ್ಗೋ ಹಿಗ್ಗು. ಮೂರನ್ನೂ ಕೂಡಿಸಿ ದೊಡ್ಡ ಸ್ಪೀಕರಿನಲ್ಲಿ ಬಿಟ್ಟ. ಬಾಗಿಲು ದಡಾರನೆ ತೆರೆಯಿತು.

“ಏನ ಮಲ್ಲೀ, ನಾ ಹೊರಗ ಕುಂತೀನಿ, ನನ್ನ ಕೆಮ್ಮು ಒಳಗ ಹ್ಯಾಂಗ ಬಂತು?” ಎಂದಳು ದೇವಕಮ್ಮ.

“ನಾ ಹಿಂಗ ಮೂಗಿಲೆ ಹಾಡ್ತೀನೇನು?” ಎಂದು ಚಮನಬೀ ಸಿಡುಕಿದಳು.

“ಇದಕ್ಕಿಂತ ಕೆಟ್ಟ ಹಾಡ್ತಿ!” ಎಂದಳು ದೇವಕಮ್ಮ.

ಮಲ್ಲೇಶ್ವರಿ ಹೆಡ್‌ಫೋನ್ ತೆಗೆದಿಟ್ಟಳು. “ನೋಡಣ್ಣಾ, ನಿನಗ ಹಿಡಿಸಿದ್ದು ಇವ್ರ ದನಿ. ಖುದ್ದು ಅವ್ರೇ ಬಂದಾರ, ನಕಲ್ ಯಾಕ ಬೇಕು? ಹಾಡಿದ್ರ ಮೂವರೂ ಹಾಡ್ತೀವಿ. ಇಲ್ಲಾಂದ್ರ ಮೂವರೂ ಬಸ್ ಹಿಡೀತೀವಿ.”

ಅವನಿಗೆ ನಗು ತಡೆಯಲಾಗಲಿಲ್ಲ. “ಆತು, ಬರ್ರಿ. ಕೆಮ್ಮಬ್ಯಾಡ್ರಿ ಮತ್ತ!”

ಇದ್ದದ್ದು ಒಂದೇ ಮೈಕು. ಮೂರು ತಲೆ ಅದಕ್ಕೆ ಬಾಗಿದವು. ದೇವಕಮ್ಮನ ಬಳೆ ಸದ್ದು ಮಾಡದಂತೆ ಅವಳ ಕೈಗೆ ಕರವಸ್ತ್ರ ಕಟ್ಟಿದರು. ಅಷ್ಟಾದರೂ ಅವಳು ಕೆಮ್ಮಿದಳು. ಖಾಜಾಹುಸೇನ ಅದನ್ನು ತೆಗೆಯದೆ ಹಾಗೇ ಬಿಟ್ಟ.

ಈಗ ಸುರಪುರದಿಂದ ಯಾದಗಿರಿವರೆಗೆ ಮದುವೆ ಪೆಂಡಾಲುಗಳಲ್ಲಿ ಆ ಹಾಡೇ. ಬೇರೆ ಸ್ಟುಡಿಯೋದವರೂ ಕರೆಯುತ್ತಿದ್ದಾರೆ. ಫೋನು ಎತ್ತಿದೊಡನೆ ಮಲ್ಲೇಶ್ವರಿ, “ಮೂವರು ಬರ್ತೀವ್ರಿ” ಎನ್ನುತ್ತಾಳೆ. ಯಾವ ದಿನ ಎಂದು ಕೇಳುವುದು ಆಮೇಲೆ.

ಆದರೆ ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ಬರೆದದ್ದು ‘ಮಲ್ಲೇಶ್ವರಿ ಮತ್ತು ತಂಡ’. ಅವಳು ಜಗಳ ತೆಗೆದರೆ ಖಾಜಾಹುಸೇನ, “ಮುಂದಿನ ಸಲ ಹಾಕ್ತೀನ್ರಿ ಅಕ್ಕಾ” ಎಂದ. ಮುಂದಿನ ಸಲ ಎಂಬ ಮಾತು ಕೇಳಿ ಕೇಳಿಯೇ ನಮ್ಮ ತಲೆ ನೆರೆತಿದೆ.

ನೀವೂ ಆ ಹಾಡಿಗೆ ಕುಣಿದವರೇ. ಫೋನು ತೆಗೆಯಿರಿ. ಹಾಡಿನ ಕೆಳಗೆ ಎರಡು ಹೆಸರು ಬರೆಯಿರಿ: ಚಮನಬೀ, ದೇವಕಮ್ಮ. ಖಾಜಾಹುಸೇನ ಹಾಕುವ ತನಕ ಬಿಡಬೇಡಿ.