ಹಾರ್ಲನ್‌ನ ತಟ್ಟೆ

ನಮ್ಮ ಲವೀನಾ ಅಕ್ಕನಿಗೆ ಕಂಡವರ ಜೇಬಿಗೆ ಕೈ ಹಾಕಲು ಯಾವ ಸಂಕೋಚವೂ ಇಲ್ಲ. ಕರಡಿ ನೋಡಲು ವ್ಯಾಂಕೂವರ್‌ನಿಂದ, ಅದಕ್ಕೂ ಆಚೆಯಿಂದ ನಮ್ಮ ಕಡಲತೀರದ ಊರಿಗೆ ಬಂದವರನ್ನು ದೋಣಿಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, "ತಿನ್ನೋದು ಏನಿದ್ರೂ ಇಲ್ಲೇ ತೆಗೀರಿ" ಎನ್ನುತ್ತಾಳೆ. ತೆಗೆಯದಿದ್ದರೆ ತಾನೇ ತೆಗೆಯುತ್ತಾಳೆ. ಒಮ್ಮೆ ಒಬ್ಬ ನಿವೃತ್ತ ನ್ಯಾಯಾಧೀಶರ ಕಾಲುಚೀಲದಿಂದ ಚಾಕೊಲೇಟ್ ಹೊರಗೆ ಬಂತು. ಅವರು ಅದು ಔಷಧಿ ಎಂದರು. ಅಕ್ಕ ಅದನ್ನು ನನಗೆ ಕೊಟ್ಟಳು. ನಾನು ದೋಣಿ ಓಡಿಸುವವನು, ತಿಂದೆ.

ಇಷ್ಟು ಬಿಗಿ ಯಾಕೆಂದರೆ, ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ. ಆಮೇಲೆ ಸರ್ಕಾರದ ಅಧಿಕಾರಿ ಬಂದೂಕು ಹಿಡಿದು ಅದನ್ನು ಹುಡುಕಿಕೊಂಡು ಬರುತ್ತಾನೆ.

ಕರಡಿಗಳು ಮೀನಿಗೆ ಬರುವ ಹೊಳೆಯನ್ನು ಕಾಯುವ ಈ ಕೆಲಸವನ್ನು ಮೊದಲು ಹಿಡಿದವನು ಅಕ್ಕನ ಗಂಡ ಹಾರ್ಲನ್. ಹೊರಗಿನವರು ಗೋಡೆಗೆ ತಲೆ ನೇತುಹಾಕಲು ಕರಡಿ ಹೊಡೆಯುತ್ತಿದ್ದ ಕಾಲದಲ್ಲಿ ಅವನು ಹೊಳೆ ಸಮುದ್ರ ಸೇರುವ ಬಾಯಿಗೆ ದೋಣಿ ಅಡ್ಡ ಹಾಕಿ, ರೇಡಿಯೋ ಜೋರಾಗಿ ಇಟ್ಟು ಕೂರುತ್ತಿದ್ದ. ಗದ್ದಲಕ್ಕೆ ಕರಡಿಗಳು ಕಾಡು ಸೇರುತ್ತಿದ್ದವು, ಬೇಟೆಗಾರರು ಬೈದುಕೊಂಡು ಮನೆ ಸೇರುತ್ತಿದ್ದರು. ದೇವದಾರು ಕಡಿಯಲು ಬಂದವರಿಗೂ ಅದೇ ರೇಡಿಯೋ. ಸಾಯುವಾಗ ಒಂದೇ ಮಾತು ಹೇಳಿದ್ದ: "ನನ್ನ ತಟ್ಟೆ ಹೊಳೆ ಬಾಯಲ್ಲೇ ಇಡು."

ಈ ಕರಾವಳಿಯ ಮೂಲನಿವಾಸಿಗಳಾದ ನಮ್ಮಲ್ಲಿ ಸತ್ತವರಿಗೆ ಊಟವನ್ನು ಸುಟ್ಟು ಕಳಿಸುತ್ತೇವೆ. ಹೊಗೆಯಾಗಿ ಹೋದದ್ದು ಅವರಿಗೆ ಮುಟ್ಟುತ್ತದೆ. ಪ್ರತಿ ವರ್ಷ ಸಾಲ್ಮನ್ ಮೀನು ಹೊಳೆ ಏರುವಾಗ ಅಕ್ಕ ಅಲ್ಲಿನ ಚಪ್ಪಟೆ ಕಲ್ಲಿನ ಮೇಲೆ ಬೆಂಕಿ ಮಾಡಿ, ಹೊಗೆಗೆ ಒಣಗಿಸಿದ ಮೀನು, ಆಲೂಗಡ್ಡೆ, ಮೇಲೆ ಧಾರಾಳವಾಗಿ ಮೀನೆಣ್ಣೆ ಸುರಿದು ಇಡುತ್ತಿದ್ದಳು. ಹಾರ್ಲನ್ ಹೊಟ್ಟೆಬಾಕ, ತಟ್ಟೆ ದೊಡ್ಡದು. ಅಷ್ಟು ಪೂರ್ತಿ ಸುಡುವ ಮೊದಲೇ ಮಳೆ ಬಂದು ಬೆಂಕಿ ಆರುತ್ತಿತ್ತು. ಮರುದಿನ ಹೋಗಿ ನೋಡಿದರೆ ಕಲ್ಲು ತೊಳೆದಿಟ್ಟ ಹಾಗೆ ಇರುತ್ತಿತ್ತು.

"ಒಂದು ಚೂರೂ ಬಿಟ್ಟಿಲ್ಲ ನೋಡೇ," ಎಂದು ಅಕ್ಕ ನಾದಿನಿ ಒಡೆಸ್ಸಾಗೆ ಹೆಮ್ಮೆಯಿಂದ ಹೇಳುತ್ತಿದ್ದಳು.

"ಅಣ್ಣ ಯಾವಾಗ ಬಿಟ್ಟಿದ್ದ ಅತ್ತಿಗೆ," ಎಂದು ಒಡೆಸ್ಸಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೋದ ವರ್ಷ ಊಟ ಸುಟ್ಟ ಮರುದಿನವೇ ಪ್ರವಾಸಿಗರನ್ನು ಕರೆದೊಯ್ದೆವು. ಎಲ್ಲರನ್ನೂ ದಡಕ್ಕಿಳಿಸಿ ಒಂದೇ ಗುಂಪಾಗಿ ಕೂರಿಸಿ ಅಕ್ಕ ಹೊಳೆಗೆ ತನ್ನ ಹೆಸರು, ತಾಯಿಯ ಹೆಸರು ಕೂಗಿ ಹೇಳಿದಳು. ಕರಡಿಯ ಮನೆಗೆ ಹೇಳದೆ ನುಗ್ಗಬಾರದು. ಆಚೆ ದಡದಲ್ಲಿ ಕಿವಿಹರುಕಿ ಮರಿಯ ಜೊತೆ ಮೀನು ಹಿಡಿಯುತ್ತಿತ್ತು. ಒಂದು ಕಿವಿ ಹರಿದ ಹೆಣ್ಣು ಕರಡಿ, ನಮಗೆ ಹಳೆಯ ಪರಿಚಯ. ಅಕ್ಕನ ಹಳದಿ ಮಳೆಕೋಟು ಕಂಡದ್ದೇ ಬಾಯಲ್ಲಿದ್ದ ಮೀನು ಬಿಟ್ಟು, ಹೊಳೆ ದಾಟಿ, ನೆಟ್ಟಗೆ ನಮ್ಮ ಕಡೆ ಬಂತು.

"ಯಾರೂ ಅಲ್ಲಾಡ್ಬೇಡಿ," ಎಂದಳು ಅಕ್ಕ. ಯಾರೂ ಅಲ್ಲಾಡಲಿಲ್ಲ, ಕ್ಯಾಮೆರಾಗಳು ಮಾತ್ರ ಕ್ಲಿಕ್ ಎಂದವು. ಕಿವಿಹರುಕಿ ನಮ್ಮನ್ನು ಬಳಸಿಕೊಂಡು ಹೋಗಿ ಹಿಂದಿದ್ದ ಚಪ್ಪಟೆ ಕಲ್ಲಿನ ಮುಂದೆ ಕೂತು ನೆಕ್ಕತೊಡಗಿತು. ಮರಿಯನ್ನೂ ಕರೆದು ನೆಕ್ಕಿಸಿತು. ಆಮೇಲೆ ತಿರುಗಿ ಅಕ್ಕನನ್ನೇ ನೋಡಿತು, ಹೋಟೆಲಿನಲ್ಲಿ ಮಾಣಿಯನ್ನು ನೋಡುವ ಹಾಗೆ.

ಅದು ಕಾಡಿಗೆ ಹೋದ ಮೇಲೆ ನಾನು ದೋಣಿಯಲ್ಲಿ ರೇಗಿದೆ. "ಯಾವ ನಾಲಾಯಕ್ ತಿಂಡಿ ಬಿಸಾಕಿದ್ದು? ಹೇಳ್ರಿ!"

"ಕೂತ್ಕೊಳ್ಳೋ," ಎಂದಳು ಅಕ್ಕ. "ಇವ್ರ ಜೇಬೆಲ್ಲ ನಾನೇ ನೋಡಿದೀನಿ."

"ಮತ್ತೆ?"

"ಹಾರ್ಲನ್ ಊಟ ಕಣೋ ಅದು. ಐದು ವರ್ಷದಿಂದ ಈ ಕಿವಿಹರುಕೀನೇ ತಿಂತಿದಾಳೆ."

ಊರಿನ ಸಭೆಯಲ್ಲಿ, ಯಾರೋ ಪ್ರವಾಸಿ ಮಾಡಿದ್ದು ಎಂದು ಹೇಳಿಬಿಡೋಣ ಎಂದೆ. ಅಕ್ಕ ಕೇಳಲಿಲ್ಲ. ಎದ್ದು ನಿಂತು, "ಕರಡಿಗೆ ರುಚಿ ಹತ್ತಿಸಿದ್ದು ನಾನೇ," ಎಂದಳು. ಆ ವರ್ಷ ಹೊಳೆಗೆ ಪ್ರವಾಸಿಗರು ಯಾರೂ ಹೋಗಕೂಡದು ಎಂದು ತೀರ್ಮಾನವಾಯಿತು. ಮುಂದಿನ ವರ್ಷ ಕಿವಿಹರುಕಿ ಜನರ ಹತ್ತಿರ ಬಂದರೆ ಅಧಿಕಾರಿಗೆ ತಿಳಿಸಲೇಬೇಕು. ತಿಳಿಸುವವಳು ಅಕ್ಕನೇ.

ತಟ್ಟೆಯ ಜಾಗ ಬದಲಾಗುತ್ತದೆ ಎಂದು ಅಕ್ಕ ಹೇಳಿದ್ದಕ್ಕೆ ಒಡೆಸ್ಸಾ ಕೆರಳಿದಳು. "ಹೊಳೆ ಬಾಯಲ್ಲೇ ಅಂತ ಅಣ್ಣ ಬಾಯ್ಬಿಟ್ಟು ಹೇಳಿದ್ದ. ಕರಡಿಗೋಸ್ಕರ ನನ್ನಣ್ಣನ್ನ ಉಪವಾಸ ಕೆಡವ್ತೀಯಾ ಅತ್ತಿಗೆ?"

"ಐದು ವರ್ಷದಿಂದ ಅರೆಹೊಟ್ಟೇಲೇ ಇದಾನಲ್ಲೇ! ಬದುಕಿದ್ದಾಗ ಊಟಕ್ಕೆ ಕರೆದ್ರೆ ಮನೆಗೇ ಬರ್ತಿದ್ದ. ಈಗ್ಲೂ ಬರ್ಲಿ."

ಅಕ್ಕ ಆ ಕಲ್ಲನ್ನು ಬ್ರಷ್ ಹಾಕಿ ಉಜ್ಜಿದಳು. ಸಮಾಧಾನವಾಗದೆ ನನ್ನ ಕೈಲಿ ಹಾರೆ ಕೊಟ್ಟು ಅದನ್ನು ಸಮುದ್ರಕ್ಕೆ ಉರುಳಿಸಿದಳು. ಹಳದಿ ಕೋಟನ್ನು ಒಡೆಸ್ಸಾಗೆ ಕೊಟ್ಟು ಹಸಿರು ಕೋಟು ತಂದುಕೊಂಡಳು. ನಮ್ಮ ಮನೆಗಳ ಮುಂದೆಯೇ, ಇಳಿತದಲ್ಲಿ ಬರಿದಾಗಿದ್ದ ಮರಳಿನ ಮೇಲೆ, ಮಳೆಗೆ ತಗಡು ಮರೆ ಹಿಡಿದು ಎರಡು ತಟ್ಟೆಯಷ್ಟು ಊಟ ಸುಟ್ಟಳು. ಕಡೆಯ ಮೂಳೆ ಬೂದಿಯಾಗುವವರೆಗೂ ಕದಲಲಿಲ್ಲ. ಉಬ್ಬರ ಬಂದು ಬೂದಿ ಎತ್ತಿಕೊಂಡು ಹೋಯಿತು. ಊರಿನ ನಾಯಿಗಳಿಗೆ ತುಂಬಾ ನಿರಾಸೆಯಾಯಿತು.

ಈ ವರ್ಷ ಮೊದಲ ಗುಂಪನ್ನು ಕರೆದೊಯ್ದೆವು. ಅಧಿಕಾರಿಗೆ ಸುದ್ದಿ ಮುಟ್ಟಿಸುವ ಸರ್ಕಾರದ ರೇಡಿಯೋ ಅಕ್ಕನ ತೊಡೆಯ ಮೇಲಿತ್ತು. ಯಾರೂ ದೋಣಿಯಿಂದ ಇಳಿಯಲಿಲ್ಲ. ಹೊಳೆಯ ಬಾಯಲ್ಲಿ ಅಕ್ಕ ಹೆಸರು ಕೂಗಿದಳು. ಕಿವಿಹರುಕಿ ಬಂತು. ಕಲ್ಲಿದ್ದ ಜಾಗಕ್ಕೆ ಹೋಯಿತು, ಮೂಸಿತು, ಕೆರೆಯಿತು. ತಲೆಯೆತ್ತಿ ನಮ್ಮನ್ನು ನೋಡಿತು. ಅಕ್ಕನ ಕೈ ರೇಡಿಯೋ ಮೇಲೆ. ಬೆಳೆದು ನಿಂತಿದ್ದ ಮರಿ ಅಷ್ಟರಲ್ಲಿ ನೀರಿಗೆ ಬಿದ್ದು ಮೀನು ಹಿಡಿಯಿತು. ತಾಯಿ ನಮ್ಮನ್ನು ಮರೆತು ಮರಿಯ ಮೀನು ಕಿತ್ತುಕೊಳ್ಳಲು ಹೋಯಿತು.

"ಸ್ವಲ್ಪ ಹತ್ರ ಬರೋದಿಲ್ವಾ?" ಎಂದ ಒಬ್ಬ ಪ್ರವಾಸಿ, ಬೇಸರದಿಂದ.

"ಬರೋದಿಲ್ಲ," ಎಂದಳು ಅಕ್ಕ. ರೇಡಿಯೋವನ್ನು ಚೀಲಕ್ಕೆ ಹಾಕಿ, ಅವನ ಜೇಬು ಯಾಕೆ ಉಬ್ಬಿದೆ ಎಂದು ಕೇಳಿದಳು.