ಬರ್ತಾರಪ್ಪನ ಸ್ಟೂಲು

ಆ ಕಚೇರಿಯ ಜವಾನನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಇಲ್ಲವೆಂದಲ್ಲ. ಆದರೆ ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಎಲ್ಲರಿಗೂ ಬರ್ತಾರಪ್ಪ. ಬಾಗಿಲಿಗೆ ಬಂದವರು "ಸಾಹೇಬ್ರು ಇದ್ದಾರಾ?" ಅಂದರೆ ಸಾಕು, "ಈಗಷ್ಟೇ ಎದ್ದು ಹೋದ್ರು, ಬರ್ತಾರಪ್ಪಾ, ಕೂತ್ಕೊಳ್ಳಿ" ಅನ್ನುತ್ತಿದ್ದ. ಸುಳ್ಳು ಹೇಳುವುದು ಪಾಪ ಅವನ ಸ್ವಭಾವವಲ್ಲ, ಉದ್ಯೋಗ. ಹೇಳಿ ಹೇಳಿ ಆ ಮಾತೇ ಅವನ ಹೆಸರಾಗಿ ಅಂಟಿಕೊಂಡಿತು.

ನಗರದ ನಟ್ಟನಡುವೆ ಹಳೆಯ ಸರ್ಕಾರಿ ಕಚೇರಿಗಳ ಸಾಲು. ಅದರಲ್ಲಿ ಇವನದೂ ಒಂದು. ಬೆಳಿಗ್ಗೆ ಸಾಹೇಬರುಗಳು ಬಂದು, ಮುಖ ತೋರಿಸಿ, ಕೋಟನ್ನು ಕುರ್ಚಿಗೆ ತಗುಲಿಸಿ, ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಒಬ್ಬರಿಗೆ ಮನೆ ಕಟ್ಟಿಸುವ ಗಡಿಬಿಡಿ, ಒಬ್ಬರಿಗೆ ಭಾವಮೈದುನನ ಅಂಗಡಿಯ ಉಸಾಬರಿ, ಮತ್ತೊಬ್ಬರಿಗೆ ಏನೂ ಇಲ್ಲ, ಮನೆಗೆ ಹೋಗಿ ನಿದ್ದೆ. ಅವರು ಹೋದ ಮೇಲೆ ಬರ್ತಾರಪ್ಪನ ಕೆಲಸ ಶುರು. ಬರೀ ಕೋಟು ನೇತಾಡಿದರೆ ಯಾರು ನಂಬುತ್ತಾರೆ ಹೇಳಿ? ಫ್ಯಾನು ತಿರುಗಬೇಕು. ಫೈಲು ನಡುವೆ ತೆರೆದಿರಬೇಕು, ಅದರ ಮೇಲೆ ಕನ್ನಡಕ ಮಗುಚಿರಬೇಕು. ಪಕ್ಕದಲ್ಲಿ ಅರ್ಧ ಕುಡಿದ ಚಹಾ ಹಬೆಯಾಡುತ್ತಿರಬೇಕು. ಆ ಅರ್ಧ ಕುಡಿಯುತ್ತಿದ್ದವನೂ ಅವನೇ. ಅಷ್ಟೂ ಮೇಜುಗಳ ಚಹಾ ಕುಡಿದು ಕುಡಿದು ಅವನಿಗೆ ಎದೆಯುರಿ ಹತ್ತಿಕೊಂಡಿತ್ತು. ಬಾಗಿಲ ಬಳಿ ಅವನಿಗೆಂದು ಒಂದು ಸ್ಟೂಲಿತ್ತು, ಆದರೆ ಕೂರಲು ಪುರುಸೊತ್ತು ಎಲ್ಲಿಂದ ಬರಬೇಕು?

ಛೀ, ಇದೂ ಒಂದು ಕೆಲಸವೇ ಅಂತ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಕಚೇರಿಯ ಹಿಂದಿನ ಓಣಿಯಲ್ಲೇ ಅವನ ಮನೆ. ಮೂರು ವರ್ಷದ ಹಿಂದೆ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಕ್ಕಳಿಲ್ಲ, ಬೇರೆ ದಿಕ್ಕಿಲ್ಲ. ಮಧ್ಯಾಹ್ನವಾದರೆ ಬರ್ತಾರಪ್ಪ ಓಡಿಹೋಗಿ, ಅವಳನ್ನು ಎತ್ತಿ ಕೂರಿಸಿ, ತುತ್ತು ಮಾಡಿ ತಿನ್ನಿಸಿ, ಮಗ್ಗುಲು ಬದಲಿಸಿ ಮಲಗಿಸಿ, ಓಡಿ ಬರುತ್ತಿದ್ದ. ಕಚೇರಿ ಮನೆಗೆ ಹತ್ತಿರವಿದ್ದದ್ದರಿಂದ ಅವಳ ಊಟ ನಡೆದಿತ್ತು.

ಹೀಗಿರುವಾಗ ಮೇಲಿನವರಿಗೆ ನಗರವನ್ನು ಉದ್ಧಾರ ಮಾಡುವ ಮನಸ್ಸಾಯಿತು. ಹಳೆ ಕಚೇರಿಗಳನ್ನೆಲ್ಲ ಕೆಡವಿ, ಅದೇ ಜಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ಗಾಜಿನ ಕಟ್ಟಡ. ಉಳಿದ ನೆಲದಲ್ಲಿ ಅಂಗಡಿಗಳು, ಹುಲ್ಲುಹಾಸು, ಕಾರಂಜಿ. ಗಾಜಿಗೆ ದುಡ್ಡು ಜಾಸ್ತಿಯಂತೆ, ಅದಕ್ಕೇ ಯಾವ ಕುರ್ಚಿ ನಿಜವಾಗಿ ಬಳಕೆಯಲ್ಲಿದೆಯೋ ಅದಕ್ಕಷ್ಟೇ ಹೊಸ ಕಟ್ಟಡದಲ್ಲಿ ಜಾಗ. ಬಳಕೆಯಲ್ಲಿಲ್ಲದ್ದು ಊರಾಚೆಯ ಗೋದಾಮಿಗೆ, ಕುರ್ಚಿಯ ಜೊತೆ ಕುರ್ಚಿಯವನೂ. ಲೆಕ್ಕ ಹಾಕಲು ಒಬ್ಬ ಸರ್ವೆ ಮೇಡಂ ಮೂರು ದಿನ ಬರುತ್ತಾರೆ ಅಂತ ಸುದ್ದಿ ಬಂತು.

ದೊಡ್ಡ ಸಾಹೇಬರು ಬರ್ತಾರಪ್ಪನನ್ನು ಒಳಗೆ ಕರೆದರು. "ನಮ್ಮೆಲ್ಲರ ಮಾನ ನಿನ್ನ ಕೈಲಿದೆ ಕಣಯ್ಯಾ."

"ಮೂರು ದಿನ ನೀವೇ ಕೂತ್ಕೊಂಡ್ರೆ ಆಗಲ್ವಾ ಸಾರ್?"

"ಅದು ಬೇರೆ ವಿಷಯ" ಅಂದು ಅವರು ಕೋಟು ಬಿಚ್ಚಿದರು.

ಆ ಮೂರು ದಿನ ಬರ್ತಾರಪ್ಪ ತೋರಿಸಿದ ಕೈಚಳಕವನ್ನು ಏನಂತ ಹೇಳುವುದು! ಒಂದು ಕುರ್ಚಿಯನ್ನು ಅವಸರದಲ್ಲಿ ಎದ್ದವರ ಹಾಗೆ ಓರೆಯಾಗಿ ಇಟ್ಟ. ಇನ್ನೊಂದು ಮೇಜಿನ ಮೇಲೆ ಅರ್ಧ ಕಚ್ಚಿದ ಬಿಸ್ಕತ್ತು. ಸರ್ವೆ ಮೇಡಂ ಟ್ಯಾಬ್ ಹಿಡಿದು ಸುತ್ತು ಬಂದಾಗಲೆಲ್ಲ ಇವನು ಯಾವುದೋ ಬೀರುವಿನ ಹಿಂದೆ ಬಗ್ಗಿ ಚಹಾ ಬದಲಿಸುತ್ತಿದ್ದ. ಕೆಲಸ ಮಾಡುವವರಿಗೆ ತೊಂದರೆಯಾಗಬಾರದೆಂದು ಆಕೆ ತುದಿಗಾಲಲ್ಲಿ ನಡೆದು ಹೋದರು.

ಫಲಿತಾಂಶ ಬಂತು. ಸಾಹೇಬರುಗಳ ಕುರ್ಚಿಗಳೆಲ್ಲ ಬಳಕೆಯಲ್ಲಿವೆ, ಭೇಷ್! ಇಡೀ ಕಚೇರಿಯಲ್ಲಿ ಬಳಕೆಯಿಲ್ಲದ ಆಸನ ಒಂದೇ ಒಂದು: ಬಾಗಿಲ ಬಳಿಯ ಸ್ಟೂಲು. ನೋಡಿದಾಗಲೆಲ್ಲ ಖಾಲಿ. ಜವಾನನನ್ನು ಗೋದಾಮಿಗೆ ಕಳಿಸತಕ್ಕದ್ದು.

ಬರ್ತಾರಪ್ಪ ದಾರಿಯ ಲೆಕ್ಕ ಹಾಕಿದ. ಗೋದಾಮಿಗೆ ಎರಡು ಬಸ್ಸು ಬದಲಿಸಬೇಕು. ಬೆಳಿಗ್ಗೆ ಹೋದವನು ಸಂಜೆಗೇ ಮನೆ. ಮಧ್ಯಾಹ್ನ ಹೆಂಡತಿಯ ಬಾಯಿಗೆ ತುತ್ತು ಇಡುವವರು ಯಾರು? ದೊಡ್ಡ ಸಾಹೇಬರು ಅವನ ಬೆನ್ನು ಸವರಿ, "ಅಯ್ಯೋ, ಅನ್ಯಾಯವಾಯ್ತಲ್ಲೋ, ನಾವೆಲ್ಲ ನಿನ್ನ ಪರ ಮಾತಾಡ್ತೀವಿ ಬಿಡು" ಅಂದರು.

ಅವನು ಕೊಟ್ಟ ತಕರಾರು ಕೇಳಲು ಮೇಡಂ ಬಂದ ದಿನ ಸಾಹೇಬರುಗಳೆಲ್ಲ ಹಾಜರ್. ತಂತಮ್ಮ ಕೆಲಸಕ್ಕೆ ಬಂದ ಜನವೂ ಒಂದಷ್ಟು ಕೂತಿತ್ತು. ಮೇಡಂ ನೇರವಾಗಿ ಕೇಳಿದರು. "ಆ ಮೂರು ದಿನ ಎಲ್ಲಿದ್ರಿ?"

"ಇಲ್ಲೇ ಇದ್ದೆ ಮೇಡಂ."

"ಏನು ಮಾಡ್ತಿದ್ರಿ?"

ಬರ್ತಾರಪ್ಪ ಸಾಹೇಬರುಗಳ ಕಡೆ ನೋಡಿದ. ಹೇಳಿದರೆ ಸಾಹೇಬರುಗಳ ಮರ್ಯಾದೆ ಮೂರು ಕಾಸು. ಹೇಳದಿದ್ದರೆ ಹೆಂಡತಿ ಉಪವಾಸ. ಮೇಡಂ ಸಾಹೇಬರುಗಳ ಕಡೆ ತಿರುಗಿ, "ನೀವೆಲ್ಲ ಇದ್ರಲ್ಲ, ಇವರನ್ನ ನೋಡಿದ್ರಾ?" ಅಂದರು. ನೋಡಿದೆವು ಅನ್ನಲು ತಾವೇ ಇರಲಿಲ್ಲ. ಒಬ್ಬರು ಕೆಮ್ಮಿದರು. ದೊಡ್ಡ ಸಾಹೇಬರು ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಕೂತರು.

ಆಗ ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಎದ್ದಳು. ಪಿಂಚಣಿಗೆಂದು ತಿಂಗಳುಗಟ್ಟಲೆ ಅಲೆಯುತ್ತಿದ್ದವಳು. "ನಾನು ನೋಡಿದೀನಿ ಕಣಮ್ಮಾ. ಇವನು ಇದ್ದ. ದಿನಾ ಇರ್ತಾನೆ, ದಿನಾ ನನ್ನ ಹತ್ರ ಸುಳ್ಳು ಹೇಳ್ತಾನೆ, ಇವನ ನಾಲಿಗೆ ಸೇದಿಹೋಗ!" ಆಮೇಲೆ ಸಾಹೇಬರುಗಳ ಸಾಲಿನ ಕಡೆ ಕೈ ತೋರಿಸಿ, "ಅದಿರ್ಲಿ, ಇವರೆಲ್ಲ ಯಾರು? ಹೊಸಬರಾ?" ಅಂದಳು.

ಮೇಡಂ ಟ್ಯಾಬ್ ಮುಚ್ಚಿ, "ಸರ್ವೆ ಮತ್ತೆ ಮಾಡ್ತೀನಿ. ನಾಳೆಯಿಂದಲೇ. ಈ ಸಲ ಕೋಟು ನೋಡಲ್ಲ, ಮನುಷ್ಯರನ್ನ ನೋಡ್ತೀನಿ" ಅಂದರು.

ಬರ್ತಾರಪ್ಪ ಗೆದ್ದ ಅಂದುಕೊಂಡಿರಾ? ಕೇಳಿ ಮುಂದೆ. ಮಾರನೆಯ ದಿನ ಸಾಹೇಬರುಗಳೆಲ್ಲ ಬಂದು ನಿಜವಾಗಿಯೂ ಕೂತರು! ಮುದುಕಿಯ ಪಿಂಚಣಿಗೆ ಬೆಳಿಗ್ಗೆಯೇ ಸಹಿ ಬಿತ್ತು. ಕೂತವರು ಸುಮ್ಮನೆ ಕೂರುತ್ತಾರೆಯೇ? ಪ್ರತಿ ಮೇಜಿನ ಮೇಲೂ ಒಂದೊಂದು ಕರೆಗಂಟೆಯಿತ್ತು. ಚಹಾ ತಾ, ಕಿಟಕಿ ತೆಗಿ, ಕಿಟಕಿ ಹಾಕು, ನನ್ನ ಫೈಲು ಎಲ್ಲಿರುತ್ತೆ ತೋರಿಸು. ಬರ್ತಾರಪ್ಪ ಬುಗುರಿಯಂತೆ ತಿರುಗಿದ. ಮೇಡಂ ಬಂದಾಗಲೆಲ್ಲ ಸಾಹೇಬರುಗಳು ಕುರ್ಚಿ ತುಂಬ ಕೂತಿದ್ದರು, ಸ್ಟೂಲು ಮಾತ್ರ ಖಾಲಿ. ಎರಡನೆಯ ದಿನವೂ ಅದೇ ಹಣೆಬರಹ.

ಹೊರಡುವಾಗ ಮೇಡಂ ಅವನನ್ನು ಕರೆದರು. "ನೀವು ದುಡಿಯೋದು ನನಗೆ ಕಾಣ್ಸುತ್ತೆ. ಆದ್ರೆ ಈ ಟ್ಯಾಬ್‌ನಲ್ಲಿ ದುಡಿಯೋದಕ್ಕೆ ಕಲಂ ಇಲ್ಲ, ಕೂರೋದಕ್ಕೆ ಮಾತ್ರ ಇದೆ. ನಾಳೆ ಮಧ್ಯಾಹ್ನ ಕಡೇ ಸುತ್ತು. ಒಂದು ಸಲ ಕಂಡ್ರೂ ಸಾಕು, ದಯವಿಟ್ಟು ಕೂತಿರಿ."

ಮಧ್ಯಾಹ್ನವೇ! ಅದು ಹೆಂಡತಿಯ ಊಟದ ಹೊತ್ತು. ಮರುದಿನ ಬೆಳಿಗ್ಗೆ ಅವನು ತಟ್ಟೆಯನ್ನು ಹೆಂಡತಿಯ ಎಡಗೈಗೆ ಎಟುಕುವಂತೆ ಇಟ್ಟು, "ಸ್ವಲ್ಪ ತಡ ಆಗ್ಬಹುದು ಕಣೇ" ಅಂದು ಹೋದ.

ಮಧ್ಯಾಹ್ನ ಸ್ಟೂಲಿನ ಮೇಲೆ ಕೂತ. ಒಂದು ಮೇಜಿನ ಕರೆಗಂಟೆ ಬಡಿಯಿತು. ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಅವನ ಕಾಲುಗಳು ತಾವಾಗಿಯೇ ಏಳಹೊರಟವು. ಎರಡೂ ಕೈಯಲ್ಲಿ ಮಂಡಿಗಳನ್ನು ಒತ್ತಿ ಹಿಡಿದ. ದೊಡ್ಡ ಸಾಹೇಬರೇ ಬಾಗಿಲಿಗೆ ಬಂದು ಕೂಗಿದರು. "ಕಿವಿ ಕೇಳ್ಸಲ್ವೇನೋ? ಏಳೋ!"

"ಆಗಲ್ಲ ಸಾರ್. ಈಗ ನಾನು ಬಳಕೆಯಲ್ಲಿದೀನಿ."

ಮೇಡಂ ಬರಲಿಲ್ಲ. ಊಟದ ಹೊತ್ತು ಮೀರಿತು. ಓಣಿಯ ಆ ತುದಿಯಲ್ಲಿ ಹೆಂಡತಿ ಹಸಿದು ಬಾಗಿಲು ನೋಡುತ್ತಿರುತ್ತಾಳೆ. ಎದ್ದು ಓಡಿದರೆ ಇವತ್ತಿನ ಊಟ ಉಂಟು, ನಾಳೆಯಿಂದ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತೇ ಇದ್ದ. ಕೊನೆಗೂ ಮೇಡಂ ಬಂದರು, ಅವನನ್ನು ನೋಡಿದರು, ಟ್ಯಾಬ್ ಮೇಲೆ ಬೆರಳು ಒತ್ತಿದರು. "ಆಯ್ತು. ಹೊಸ ಕಟ್ಟಡದಲ್ಲಿ ನಿಮಗೆ ಜಾಗ ಇದೆ" ಅಂದರು.

ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಮನೆಯಲ್ಲಿ ತಟ್ಟೆ ಮಗುಚಿ ಬಿದ್ದಿತ್ತು. ಎಡಗೈಯಿಂದ ಎಳೆದುಕೊಳ್ಳಹೋಗಿ ಚೆಲ್ಲಿಕೊಂಡಿದ್ದಳು. ಸೀರೆ ತುಂಬ ಅಗುಳು. ಅವನು ನೆಲದ ಮೇಲೆ ಕುಸಿದು ಮಗುವಿನಂತೆ ಅತ್ತುಬಿಟ್ಟ.

"ಅಳ್ಬೇಡಿ. ಅಷ್ಟೊಂದು ಕೆಲಸ ಇತ್ತೇನ್ರೀ ಇವತ್ತು?"

"ಇಲ್ಲ ಕಣೇ. ಏನೂ ಮಾಡ್ಲಿಲ್ಲ. ಸುಮ್ನೆ ಒಂದೇ ಕಡೆ ಕೂತಿದ್ದೆ. ಅದನ್ನ ನೋಡಿ ಸರ್ವೆ ಮೇಡಂ ಕೆಲಸ ಉಳಿಸಿದ್ರು."

ಅವಳು ಓರೆಯಾದ ಬಾಯಿಯಲ್ಲಿ ಮೆಲ್ಲಗೆ ನಕ್ಕಳು. "ಮೂರು ವರ್ಷದಿಂದ ನಾನು ಮಾಡ್ತಿರೋದೂ ಅದೇ ಅಲ್ವೇನ್ರೀ? ಆ ಮೇಡಂಗೆ ಹೇಳಿ ನನಗೂ ಅಲ್ಲೊಂದು ಕೆಲಸ ಕೊಡ್ಸಿ."